ಕಗ್ಗಲಿಕೊಪ್ಲಿನ ಒಳಕ್ಕೆ ಓಗ್ದೆ ಬಂದಿದ್ದು

ನಂಗೇನು ವಯಸ್ಸಾಗ್ನಿಲ್ಲ. ಮೂವತ್ತು ದಾಟಿ ಒಂದೆರಡು ವರ್ಸ ಆಗಿರ್ಬೋದು, ನಮ್ಮವ್ವಂಗೂ ಸರ್ಯಾಗಿ ಗೊತ್ತಿಲ್ಲ. ಆದ್ರೂ ಸರ್ಕಾರದೋರು ಸಾಕು ಓಗು ಅಂತ ಮನೆಗೆ ಕಳಿಸ್ಬುಟ್ರು. ಮುಡುಕುತೊರೆ ಬೆಟ್ಟದ ಮೇಲೆ ಬಾವುಟ ನೆಡಕ್ಕೆ ಓಗಿ ಬಂಡೆಯಿಂದ ಜಾರ್ದೆ, ಎಡಗಾಲ ಮಂಡಿ ಓಯ್ತು. ನೆಲ ಅಳಿಯೋ ಮೋಜಣಿಲಿ ಸರಪಳಿ ಎಳಿಯೋನ್ಗೆ ಮಂಡಿ ಓದ್ರೆ ಇನ್ನೇನದೆ? ಅದ್ನಾಲ್ಕು ವರ್ಸ ನಡ್ದಿದ್ದೇ ನಡ್ದಿದ್ದು. ಈಗ ತಾಂಡವಪುರದಲ್ಲಿ ನಮ್ಮನೆ ಜಗಲಿ ಮೇಲೆ ಕೂತ್ಕಂಡು, ನಂಜನಗೂಡಿಗೆ ಓಗೋ ರೈಲು ನೋಡ್ಕಂಡಿವ್ನಿ.

ಈ ಕಡೆ ಐಕ್ಳು ಮೋಜಣಿ ಕೆಲ್ಸಕ್ಕೆ ಸೇರ್ಕತೀವಿ ಅಂತ ಬತ್ತವೆ. "ಸಿದ್ದಣ್ಣ, ಕೆಲ್ಸ ಎಂಗಿರ್ತದೆ?" ಅಂತವೆ. ಒಬ್ಬೊಬ್ಬನ್ಗೂ ಯೋಳಿ ಯೋಳಿ ಬಾಯಿ ನೋವು ಬಂತು. ಅದ್ಕೇ ಬರ್ದು ಮಡಗ್ತಾ ಇವ್ನಿ. ನಾನು ಇಸ್ಕೂಲಿಗೆ ಓಗಿದ್ದು ಒಂದೇ ಮಳೆಗಾಲ. ಮಿಕ್ಕ ಅಕ್ಸರ ಎಲ್ಲಾ ಗಡಿಕಲ್ಲಿನ ಮೇಲೆ ನಂಬರು ಬರ್ದು ಬರ್ದು ಬಂದಿದ್ದು. ಸೊಗಸಾಗಿ ಬರಿಯಕ್ಕೆ ನಂಗೆ ಬರಲ್ಲ. ಬೇಕಾದೋರು ಓದ್ಲಿ, ಬ್ಯಾಡ್ದೋರು ಎದ್ದೋಗ್ಲಿ.

ಕೆಲ್ಸ ಇಷ್ಟೇ. ಒಂದು ಕಬ್ಬಿಣದ ಸರಪಳಿ, ಮೂವತ್ಮೂರು ಅಡಿ. ಒಂದು ತುದಿ ಮುಂದಿನೋನ ಕೈಲಿ, ಇನ್ನೊಂದು ತುದಿ ಇಂದಿನೋನ ಕೈಲಿ. ಮುಂದಿನೋನು ಎಳ್ಕಂಡು ಓಗಿ ಬಿಗಿ ಮಾಡಿ ನೆಲಕ್ಕೆ ಒಂದು ಕಡ್ಡಿ ಚುಚ್ತಾನೆ. ಇಂದಿನೋನು ಆ ಕಡ್ಡಿ ಗಂಟ ಬಂದು ಅದನ್ನ ಕಿತ್ಕತಾನೆ. ಇಂದಿನೋನ ಕೈಲಿ ಅತ್ತು ಕಡ್ಡಿ ಸೇರುದ್ರೆ ಮೋಜಣಿದಾರ್ರು ಬುಕ್ಕಲ್ಲಿ ಅತ್ತು ಅಂತ ಬರ್ಕತಾರೆ. ಮುಳ್ಳು ಬರ್ಲಿ, ಕೆಸ್ರು ಬರ್ಲಿ, ಆವು ಬರ್ಲಿ, ಪಟೇಲನ ಮೋರೆ ಬರ್ಲಿ, ಸರಪಳಿ ನೆಟ್ಟಗೇ ಓಗ್ಬೇಕು. ಬಳಸ್ಕಂಡು ಓದೋನು ಸರಪಳಿ ಆಳಲ್ಲ.

ಇನ್ನೊಂದು. ಸರಪಳಿ ಬೆಳೀತದೆ. ನಗ್ಬ್ಯಾಡಿ. ಎಳ್ದು ಎಳ್ದು ಉಂಗುರದ ಬಾಯಿ ತೆರ್ಕಂಡು ಮೂವತ್ಮೂರು ಅಡಿ ಇದ್ದದ್ದು ನಾಲ್ಕು ಬೆಳ್ಳು ಜಾಸ್ತಿ ಆಗೋಯ್ತದೆ. ಅದ್ಕೆ ದಿನಾ ಬೆಳಿಗ್ಗೆ ಸರಪಳಿನೇ ಅಳೀಬೇಕು. ಒಸಬ್ರು ಇದನ್ನ ಮರೀತಾರೆ. ಊರೋರ ಒಲ ಅಳಿಯೋನು ಮೊದ್ಲು ತನ್ನ ಸರಪಳಿ ಅಳ್ಕಬೇಕು.

ನನ್ನ ಜತೆಗಾರ ನಂಜ, ಉಲ್ಲಹಳ್ಳಿ ಕಡೆಯೋನು. ಅವ ಮುಂದೆ, ನಾ ಇಂದೆ. ಅವನ ಬೆನ್ನು ನೋಡಿದಷ್ಟು ನಾನು ನಮ್ಮೆಂಡ್ರ ಮುಖಾನೂ ನೋಡಿಲ್ಲ. ಬಾಯಿ ಸುಮ್ನಿರೋ ಜಾತಿಯಲ್ಲ ಅವನ್ದು. ಮುಳ್ಳು ತುಳುದ್ರೂ ಮೊದ್ಲು ಒಂದು ತಮಾಸೆ ಮಾತು, ಆಮೇಲೆ ಅಯ್ಯೋ.

ನಮ್ ಸೀಮೆ ಎಂಗದೆ ಅಂತ ನಿಮ್ಗೆ ಗೊತ್ತಿಲ್ಲ. ಊರಿಂದ ಊರ್ಗೆ ಗಾಡೀಲಿ ಓಗಿ ಬಂದೋರ್ಗೆ ದಾರಿ ಗೊತ್ತಿರ್ತದೆ, ಸೀಮೆ ಗೊತ್ತಿರಲ್ಲ. ನಂಗೆ ಅಂಗಾಲಲ್ಲಿ ಗೊತ್ತು. ನಂಜನಗೂಡಿನ ಗೋಪುರ ಅದೆಯಲ್ಲ, ಅದೇ ನಮ್ ಗುರುತು. ಎಲ್ಲಿ ದಾರಿ ತಪ್ಪುದ್ರೂ ಒಂದು ದಿಬ್ಬ ಅತ್ತಿ ಗೋಪುರ ಉಡುಕ್ತಿದ್ವಿ. ಕಪಿಲೆ ಆಚೆಗೆ ಓದ್ರೆ ಉಲ್ಲಹಳ್ಳಿ ನಾಲೆ ಬಯಲು. ಅಲ್ಲಿ ಗದ್ದೆ ಕೆಸ್ರಲ್ಲಿ ಸರಪಳಿ ಮುಳುಗೋಗಿ, ಎಮ್ಮೆ ಎಬ್ಬಿಸ್ದಂಗೆ ಎಬ್ಬಿಸ್ಬೇಕು. ನರಸೀಪುರದ ತಾವು ಎರಡು ಒಳೆ ಸೇರ್ತವೆ. ಬೇಸ್ಗೇಲಿ ನೀರು ತಿಳಿಯಾಗಿದ್ದಾಗ ಕಪಿಲೆ ನೀರು ಒಂದು ಬಣ್ಣ, ಕಾವೇರಿದು ಇನ್ನೊಂದು ಬಣ್ಣ, ಸೊಲ್ಪ ದೂರ ಒಂದ್ರ ಪಕ್ಕ ಒಂದು ಮಾತಾಡ್ದಂಗೆ ಅರೀತವೆ. ಆ ದಡದ ಮೇಲೆ ಕೂತು ಬುತ್ತಿ ಬಿಚ್ಚಿದ್ದು ನೆನಸ್ಕಂಡ್ರೆ ಈಗ್ಲೂ ಬಾಯಲ್ಲಿ ಉಪ್ಪಿನಕಾಯಿ ನೀರು ಬತ್ತದೆ.

ತಲಕಾಡಿನ ಮಳ್ಳು ಮಾತ್ರ ಬ್ಯಾಡ. ಅಲ್ಲಿ ಕಂಬ ನೆಟ್ರೆ ನಿಲ್ಲಲ್ಲ, ಕಡ್ಡಿ ಚುಚ್ಚುದ್ರೆ ನುಂಗ್ತದೆ. ಒಂದು ಸಲ ನಾನು ಒಂದು ಕಡ್ಡಿ ಕಳ್ದೆ. ಕಡ್ಡಿ ಒಂದು ಓದ್ರೆ ಒಂದು ಸರಪಳಿ ನೆಲ ಓದಂಗೆ. ಎದ್ರಿಕೆ ಆಗಿ ಜಾಲಿ ಕಡ್ಡಿ ಮುರ್ದು ಸೇರಿಸ್ಕಂಡೆ. ಮೋಜಣಿದಾರ್ರು ಎಣಿಸ್ದಾಗ ಅತ್ತೂ ಸರ್ಯಾಗಿತ್ತು, ಒಂದರಲ್ಲಿ ಎಲೆ ಇತ್ತು ಅಷ್ಟೆ. ಆವತ್ತಿಡೀ ಮಧ್ಯಾನ ಆ ಮಳ್ಳಲ್ಲಿ ಮತ್ತೆ ಅಳ್ಸಿದ್ರು. ನಂಜ ಮಳ್ಳಲ್ಲಿ ಊಣ್ಕಂಡ ಕಾಲು ಕಿತ್ಕತಾ, "ಮುಂದಿನ ಸಲ ಊವು ಬಿಟ್ಟಿರೋ ಕಡ್ಡಿ ತಗಳ್ಲಾ, ಮುಡಿಯಕ್ಕಾದ್ರೂ ಆಯ್ತದೆ" ಅಂದ.

ಇದೆಲ್ಲಾ ನೀರಿನ ಕಡೆ ಮಾತು. ನಂಜನಗೂಡಿನ ತೆಂಕಲಿಗೆ ಓಗಿ ನೋಡಿ. ನಮ್ ಮಾರಾಜ್ರ ಸೀಮೆ ಎಷ್ಟು ದೊಡ್ದು, ಜನ ಎಷ್ಟು ಕಮ್ಮಿ ಅಂತ ಅಲ್ಲಿ ಗೊತ್ತಾಯ್ತದೆ. ಬೆಳಿಗ್ಗೆ ಸರಪಳಿ ಬಿಚ್ಚುದ್ರೆ ಸಂಜೆ ಗಂಟ ನಂಜನ ಬೆನ್ನು ಬಿಟ್ರೆ ಇನ್ನೊಬ್ಬ ಮನುಷ್ಯ ಇಲ್ಲ. ಕಗ್ಗಲಿ ಮರ, ಲಕ್ಕಿ ಗಿಡ, ಕೆಂಪು ದಿಬ್ಬ, ಮೇಲೆ ಆರಾಡೋ ಒಂದು ಅದ್ದು. ಮೊದ್ಲು ಎದೆ ಡವಡವ ಅಂತದೆ. ಎರಡು ವರ್ಸ ಕಳುದ್ರೆ ಆ ಬಯಲೇ ಬೇಕು ಅನ್ಸ್ತದೆ. ಈಗ ಜಗಲಿ ಮೇಲೆ ಕೂತೋನ್ಗೆ ಅದೇ ಬೇಕು, ಏನ್ ಮಾಡನ.

ನಮ್ ಮೋಜಣಿದಾರ್ರನ್ನ ನಾವು ರಾಯ್ರು ಅಂತಿದ್ವಿ. ಸಣ್ಣ ಆಳು, ದೊಡ್ಡ ಕೊಡೆ. ಕುಡಿಯೋ ನೀರಿನ ಚೊಂಬು ತಾವೇ ಒತ್ಕತಿದ್ರು, ಬುಕ್ಕು ಮಾತ್ರ ಯಾರ್ ಕೈಗೂ ಕೊಡ್ತಿರ್ನಿಲ್ಲ. ಆ ಬುಕ್ಕಲ್ಲಿ ಏನನ್ನೂ ಕೆರೆದು ಅಳಿಸಂಗಿಲ್ಲ. ತಪ್ಪಾದ್ರೆ ಅದ್ರ ಮೇಲೆ ಒಂದೇ ಒಂದು ಗೀಟು ಎಳ್ದು, ಕೆಳಗೆ ಯಾಕೆ ತಪ್ಪಾಯ್ತು ಅಂತ ಬರ್ದು ಸೈನು ಆಕ್ಬೇಕು. ಅದು ಇಲಾಖೆ ಕಾನೂನು. ರಾಯ್ರ ಬುಕ್ಕಲ್ಲಿ ಗೀಟೇ ಇರ್ನಿಲ್ಲ. ಅದ್ರ ಮೇಲೆ ಅವ್ರಿಗೆ ಬಾಳಾ ಎಮ್ಮೆ. ನಂಗೆ ಅಕ್ಸರ ಕಲ್ಸಿದ್ದೂ ಅವ್ರೇ, ಗಡಿಕಲ್ಲಿನ ಮೇಲೆ, ಸುಣ್ಣದ ಕಡ್ಡೀಲಿ.

ಈಗ ಕಗ್ಗಲಿಕೊಪ್ಲಿನ ಮಾತು. ಇದನ್ನ ಯೋಳಕ್ಕೇ ನಾನು ಇಷ್ಟು ಬರೀತಾ ಇರೋದು.

ಪಿಳೇಗು ಬಂದು ಮೂರ್ನಾಲ್ಕು ವರ್ಸ ಆಗಿತ್ತು. ತೆಂಕಲ ಕಡೆ ಎಷ್ಟೋ ಅಳ್ಳಿ ಖಾಲಿ ಆಗಿದ್ವು. ಜನ ಇಲ್ದಿರೋ ಊರ್ಗೆ ಮೋಜಣಿ ಕಾಗದದಲ್ಲಿ ಬೇಚಿರಾಕು ಅಂತ ಬರೀತಾರೆ. ಅಂಗೆ ಬರ್ದ್ರೆ ಆ ಊರ್ಗೆ ಬ್ಯಾರೆ ನಕ್ಸೆ ಇಲ್ಲ. ಪಕ್ಕದೂರಿನ ಎಲ್ಲೆಗೆ ಸೇರಿಸ್ಬುಡ್ತಾರೆ. ಎಸ್ರು ಓಯ್ತದೆ, ಗೋಮಾಳ ಓಯ್ತದೆ, ಕೆರೆ ಇದ್ರೆ ಕೆರೆನೂ ಓಯ್ತದೆ.

ನಾವು ಡೇರೆ ಆಕಿದ್ದು ಕಗ್ಗಲಿಕೊಪ್ಲಿನ ಪಕ್ಕದ ದೊಡ್ಡೂರಲ್ಲಿ. ಆ ಊರಿನ ಎಸ್ರು ಬ್ಯಾಡ, ಈಗಿನೋರು ಒಳ್ಳೆ ಜನ. ಅಲ್ಲಿನ ಪಟೇಲ ದಿನಾ ಮಜ್ಜಿಗೆ ಕಳಿಸ್ತಿದ್ದ. ಒಂದಿನ ಅವ್ನೇ ಬಂದ.

"ಬುದ್ದಿ, ಆ ಕೊಪ್ಲಲ್ಲಿ ನಾಯಿನೂ ಇಲ್ಲ. ಪಿಳೇಗಲ್ಲಿ ಎಲ್ಲಾ ಮುಗ್ದೋಯ್ತು. ಸುಮ್ನೆ ಅಲ್ಲಿಗ್ಯಾಕೆ ಓದೀರಿ, ಮಕ್ಳೊಂದಿಗ್ರು?" ಅಂದ.

ರಾಯ್ರು ತಲೆ ಎತ್ನಿಲ್ಲ. ಆವತ್ತೇ ಊರುಗಳ ಪಟ್ಟಿ ಟಪಾಲಿಗೆ ಓಗ್ಬೇಕಿತ್ತು, ಅವ್ರು ಬರೀತಾನೇ ಇದ್ರು. ನನ್ನ ಕರುದ್ರು.

"ಸಿದ್ದಾ, ನೀನು ಹೋಗಿ ನೋಡಿಕೊಂಡು ಬಾ. ಊರ ಒಳಕ್ಕೆ ಹೋಗು. ಮನೆ ಎಣಿಸು. ಒಲೆ ಉರೀತಿದೆಯಾ ನೋಡು. ಒಲೆ ಹೊಗೆ ಎದ್ದರೆ ಊರು, ಏಳದಿದ್ದರೆ ಬೇಚಿರಾಕು. ತಿಳೀತಾ?"

"ತಿಳೀತು ಸ್ವಾಮಿ" ಅಂದೆ.

ಓದೆ. ಊರ ಈಚೆಗೆ ಒಂದು ದಿಬ್ಬ. ಅತ್ತಿ ನೋಡುದ್ರೆ ಕೆಳಗೆ ಊರು. ಮನೆ ಮೇಲೆ ಎಂಚಿಲ್ಲ, ಬರೀ ತೊಲೆ, ಸತ್ತ ದನದ ಪಕ್ಕೆ ಕಂಡಂಗೆ. ಕೋಳಿ ಕೂಗಿಲ್ಲ, ಕೂಸು ಅತ್ತಿಲ್ಲ, ಒಗೆ ಇಲ್ಲ. ಗಡಿಕಲ್ಲಿನ ಪಕ್ಕ ಒಂದು ಇಲಿ ಬೆನ್ನಡಿ ಆಗಿ ಬಿದ್ದಿತ್ತು. ಅಷ್ಟೇ, ನನ್ನ ಕಾಲು ನಿಂತೋಯ್ತು. ಅದ್ಕೆ ಇಂದಿನ ವರ್ಸ ನಮ್ಮಕ್ಕ ಪಿಳೇಗಲ್ಲಿ ಮೂರೇ ದಿನಕ್ಕೆ ಓಗಿದ್ಲು. ಮೊದ್ಲ ದಿನ ನಮ್ಮನೇಲೂ ಇಲಿನೇ ಬಿದ್ದಿತ್ತು. ನಾನು ದಿಬ್ಬದ ಮೇಲಿಂದ್ಲೇ ಮನೆ ಎಣಿಸ್ದೆ. ತಿರುಗ್ದೆ. ಓಡ್ನಿಲ್ಲ, ಆದ್ರೆ ನಡ್ದೆ ಅಂತ್ಲೂ ಯೋಳಕ್ಕಾಗಲ್ಲ.

"ಎಷ್ಟು ಮನೆ?" ರಾಯ್ರು ಕೇಳುದ್ರು.

"ಅದ್ನಾಲ್ಕು ಸ್ವಾಮಿ. ಯಾರೂ ಇಲ್ಲ. ಒಗೆ ಇಲ್ಲ."

"ಒಳಕ್ಕೆ ಹೋಗಿದ್ದೆ ತಾನೆ?"

"ಓಗಿದ್ದೆ ಸ್ವಾಮಿ."

ಅವ್ರು ಲೇಖಣಿ ಅದ್ದಿ ಬುಕ್ಕಲ್ಲಿ ಒಂದು ಮಾತು, ಪಟ್ಟೀಲಿ ಒಂದು ಮಾತು ಬರುದ್ರು. ಟಪಾಲಿನೋನು ಪಟ್ಟಿ ತಗಂಡು ಓದ. ಒಂದು ಊರು ಸಾಯಕ್ಕೆ ಎಷ್ಟೊತ್ತು ಬೇಕು ಅಂದ್ರೆ ಅಷ್ಟೇ ಒತ್ತು.

ಒಂದು ವಾರ ಆಗಿರ್ಬೋದು. ಆ ಎರಡು ಊರ ನಡುವೆ ಒಂದು ಅಳ್ಳ ಅರೀತದೆ, ಅದೇ ಎಲ್ಲೆ. ಅದ್ರ ಗುಂಟ ಸರಪಳಿ ಇಡ್ಕಂಡು ಓಗ್ತಿದ್ವಿ. ದೊಡ್ಡೂರಿನ ಕಡೆ ದಡದಲ್ಲಿ ಒಂದು ಒಂಗೆ ತೋಪು. ಆ ತೋಪಿನ ಒಳಗೆ ಸೋಗೆ ಗುಡ್ಲುಗಳು, ಅತ್ತನ್ನೆರಡು ಇರ್ಬೋದು. ಒಬ್ಬ ಎಂಗಸು ನೀರಿಗೆ ಬಂದ್ಲು. ಮೂವತ್ತರ ಒಳಗೇ ವಯಸ್ಸು, ಕುಂಕುಮ ಇಲ್ಲ. ನಮ್ಮನ್ನ ನೋಡಿ ನಿಂತ್ಕಂಡ್ಲು.

"ಏನ್ಲಾ ಅದು, ಎಮ್ಮೆ ಕಟ್ಟೋ ಸರಪಳಿನಾ?" ಅಂದ್ಲು.

ನಂಜ ಬುಟ್ಟಾನಾ? "ಊಂ ಕಣಕ್ಕ. ನಿಮ್ಮೂರು ತಪ್ಪಿಸ್ಕಂಡು ಓಯ್ತದೆ ಅಂದ್ರು, ಕಟ್ಟಾಕಕ್ಕೆ ಬಂದಿವಿ. ಯಾವೂರು ನಿಂದು?"

"ಕಗ್ಗಲಿಕೊಪ್ಲು. ಇನ್ಯಾವ್ದು? ಅಗಾ, ಆ ದಿಬ್ಬದಾಚೆ."

ನನ್ನ ಕೈಲಿದ್ದ ಸರಪಳಿ ಸಡ್ಲ ಆಯ್ತು. ನಂಜ ತಿರುಗಿ ನೋಡ್ದ. ನಾನು ನೆಲ ನೋಡ್ದೆ.

"ಆ ಊರಲ್ಲಿ ಜನಾನೇ ಇಲ್ವಂತಲ್ಲ?" ಅಂದ ನಂಜ.

"ಅಂಗಾದ್ರೆ ನಾನ್ಯಾರ್ಲಾ, ದೆವ್ವನಾ? ದೆವ್ವ ಬಿಂದಿಗೆ ಒತ್ಕಂಡು ಬತ್ತದಾ?"

ಅವಳ ಎಸ್ರು ಕೆಂಪಮ್ಮ. ಎಲ್ಲಾ ಯೋಳುದ್ಲು. ಎರಡು ತಿಂಗ್ಳ ಇಂದೆ ಊರಲ್ಲಿ ಇಲಿ ಬಿದ್ವು, ಮೂರು ಜನ ಸತ್ರು. ಅದ್ರಲ್ಲಿ ಒಬ್ಬ ಅವಳ ಗಂಡ. ಮಿಕ್ಕೋರು ಮನೆ ಎಂಚು ಇಳ್ಸಿ, ಬಿಸ್ಲು ಒಳಕ್ಕೆ ಬಿದ್ದು ರೋಗ ಸಾಯ್ಲಿ ಅಂತ ಬುಟ್ಟು, ಅಳ್ಳ ದಾಟಿ ಗುಡ್ಲು ಆಕ್ಕಂಡವ್ರೆ. ಮಳೆ ಬಿದ್ಮೇಲೆ ವಾಪಸ್ಸು ಓಗೋರು. ತೋಪಲ್ಲಿ ಇರಿ ಅಂತ ಜಾಗ ಕೊಟ್ಟೋನು ದೊಡ್ಡೂರಿನ ಪಟೇಲನೇ.

ಪಿಳೇಗಿನ ಕಾಲದಲ್ಲಿ ಊರು ಬುಟ್ಟು ಗುಡ್ಲು ಆಕ್ಕಳೋದು ನಂಗೆ ಗೊತ್ತಿರ್ನಿಲ್ವಾ? ನಮ್ಮೂರೋರೂ ಅಂಗೇ ಮಾಡಿದ್ರು. ಎಂಚು ಇಳ್ಸಿದ್ದೂ ನೋಡಿದ್ದೆ. ಎದ್ರಿಕೆ ಕಣ್ಣಿಗೆ ಬಿದ್ರೆ ಗೊತ್ತಿರೋದೂ ಕಾಣಲ್ಲ.

ನಂಜನ್ಗೆ ಒಟ್ಟೇಲಿ ಮಾತು ನಿಲ್ಲಲ್ಲ. "ಅಕ್ಕ, ಕಾಗದದಲ್ಲಿ ನಿಮ್ಮೂರು ಇಲ್ಲ ಅಂತ ಬರ್ದಾಗೋಗದೆ ಕಣಕ್ಕ. ದೊಡ್ಡೂರಿಗೆ ಸೇರ್ಸ್ತಾರಂತೆ" ಅಂದ.

ಅವಳು ಬಿಂದಿಗೆ ಕೆಳಕ್ಕೆ ಮಡಗುದ್ಲು. "ಕೆರೆನೂವಾ?"

"ಕೆರೆನೂ."

"ನೋಡ್ಕಂಡು ಓದೋನ್ಯಾವನ್ಲಾ?"

ನಂಜ ನನ್ನ ಕಡೆ ತಿರುಗ್ನಿಲ್ಲ. ಅದು ಅವನ ದೊಡ್ಡತನ. ನಾನು, "ಯಾರೋ ಒಬ್ಬ" ಅಂದೆ. ಎರಡ್ನೇ ಸುಳ್ಳು.

"ಆ ಕೆರೆ ಏರಿಗೆ ನನ್ ಗಂಡ ಒತ್ತಾಕಿದ ಮಣ್ಣು ಇನ್ನೂ ಕೂತಿಲ್ಲ ಕಣಪ್ಪ. ಅವ್ನು ಓದ. ಈಗ ಊರೂ ಓದ್ರೆ ನಾವು ಮಳೆ ಬಿದ್ಮೇಲೆ ಯಾವೂರ್ಗೆ ಓಗದು? ಪಟೇಲನ ಒಕ್ಕಲಾಗಿ ಇಲ್ಲೇ ಬಿದ್ದಿರದಾ?" ಅಂದ್ಲು. ಅಳ್ನಿಲ್ಲ. ನೀರು ತುಂಬ್ಕಂಡು ಓದ್ಲು.

ಡೇರೆಗೆ ಬಂದೋನೇ ರಾಯ್ರ ಮುಂದೆ ನಿಂತೆ. ಎಂಗೆ ಸುರು ಮಾಡದು ಅಂತ ಗೊತ್ತಾಗ್ನಿಲ್ಲ, ಸೀದಾ ಯೋಳ್ದೆ. "ಸ್ವಾಮಿ, ಕಗ್ಗಲಿಕೊಪ್ಲಿನ ಒಳಕ್ಕೆ ನಾನು ಓಗ್ನಿಲ್ಲ. ಜನ ಅವ್ರೆ."

ಅವ್ರು ಲೇಖಣಿ ಕೆಳಕ್ಕೆ ಮಡಗುದ್ರು. ಕೂಗಾಡ್ನಿಲ್ಲ.

"ಎಲ್ಲಿಂದ ನೋಡಿದೆ?"

"ದಿಬ್ಬದಿಂದ."

"ಎಷ್ಟು ದೂರ? ಸರಪಳಿಯಲ್ಲಿ ಹೇಳು."

"ಮೂವತ್ತು ಸರಪಳಿ ಆಗ್ಬೋದು ಸ್ವಾಮಿ."

"ಆ ಮೂವತ್ತು ಸರಪಳಿ ಯಾರು ನಡೀಬೇಕಾಗಿತ್ತು?"

ಒಡುದ್ರೆ ಚೆನ್ನಾಗಿತ್ತು. ಅವ್ರು ಒಡೀನಿಲ್ಲ. ಡೇರೆ ಬಾಗ್ಲಿಗೆ ಓಗಿ ಕೊಡೆ ಊರ್ಕಂಡು ನಿಂತ್ರು. ಆಮೇಲೆ ಯೋಳುದ್ರು. ಪಟ್ಟಿ ಓಗ್ಬುಟ್ಟದೆ. ನಾಳೆ ಬೆಳಿಗ್ಗೆ ಬಿಸ್ಲೇರೋ ಒತ್ಗೆ ಮೇಲಿನ ಸಾಹೇಬ್ರು ಆ ದಿಬ್ಬಕ್ಕೆ ಬತ್ತಾರೆ, ಖುದ್ದು ನೋಡಿ ಪಟ್ಟಿಗೆ ಸೈನು ಆಕ್ತಾರೆ. ಗುಡ್ಲು ಇರೋದು ದೊಡ್ಡೂರಿನ ಎಲ್ಲೇಲಿ, ಅಲ್ಲಿನ ಒಗೆ ಲೆಕ್ಕಕ್ಕೆ ಬರಲ್ಲ. ಊರ ಒಳಗೇ ಒಲೆ ಉರೀಬೇಕು.

"ರೋಗದ ಊರೊಳಕ್ಕೆ ಹೋಗಿ ಒಲೆ ಹಚ್ಚಿ ಅಂತ ನಾನು ಯಾರಿಗೂ ಹೇಳೋದಿಲ್ಲ. ನೀನೂ ಹೇಳಬೇಡ. ನಡೆದದ್ದನ್ನ ಅವರಿಗೆ ಹೇಳು, ಅಷ್ಟೆ. ಮಿಕ್ಕದ್ದು ಅವರಿಗೆ ಬಿಟ್ಟದ್ದು" ಅಂದ್ರು.

ಮಾರ್ನೆ ದಿನ ಒತ್ತು ಉಟ್ಟೋ ಒತ್ಗೆ ತೋಪಿಗೆ ಓದೆ. ಎಲ್ರೂ ಗುಡ್ಲಿಂದ ಈಚೆಗೆ ಬಂದ್ರು. ಅವ್ರ ಯಜಮಾನ ಮಾದಪ್ಪ ಅಂತ, ಮೀಸೆ ಎಲ್ಲಾ ಬೆಳ್ಳಗೆ. ನಾನು ಯೋಳ್ದೆ, ಇಂಗಿಂಗೆ ಆಯ್ತು, ನೋಡ್ಕಂಡು ಓದೋನು ನಾನೇ, ಒಳಕ್ಕೆ ಬರ್ನಿಲ್ಲ, ಬಂದೆ ಅಂತ ಸುಳ್ಳು ಯೋಳ್ದೆ. ಇವತ್ತು ಸಾಹೇಬ್ರು ದಿಬ್ಬದ ಮೇಲೆ ನಿಂತು ನೋಡ್ತಾರೆ. ಒಗೆ ಕಂಡ್ರೆ ಊರು, ಇಲ್ದಿದ್ರೆ ಇಲ್ಲ.

ಮಾದಪ್ಪನ ದೊಣ್ಣೆ ನನ್ನ ಬೆನ್ನ ಮೇಲೆ ಬಿತ್ತು. ಸರ್ಯಾಗೇ ಬಿತ್ತು. "ನಿನ್ ಕಣ್ಣು ಸೇದೋಗ! ನಮ್ಮೂರ್ನ ಬದುಕಿದ್ದಂಗೇ ಊಣ್ಬುಟ್ಯಲ್ಲೋ!" ಅಂದ. ಮತ್ತೆ ಎತ್ತುದ್ರೆ ಕೆಂಪಮ್ಮ ಅಡ್ಡ ಬಂದ್ಲು.

"ಬುಡಿ ಮಾವ. ಇವನ್ನ ಒಡುದ್ರೆ ಒಗೆ ಬತ್ತದಾ?" ಅಂದು ನನ್ನ ಕಡೆ ತಿರುಗುದ್ಲು. "ನೆನ್ನೆ ಯಾರೋ ಒಬ್ಬ ಅಂದ್ಯಲ್ಲ. ಆ ಯಾರೋ ಒಬ್ಬ ಆವತ್ತು ಬರ್ನಿಲ್ಲ. ಇವತ್ತು ಬಾ. ನನ್ ಜತೆ ಒಳಕ್ಕೆ ಬಾ."

"ಬ್ಯಾಡ ಕಣವ್ವ," ಅಂದ ಮಾದಪ್ಪ, ದನಿ ಇಳ್ದೋಗಿತ್ತು. "ಇಲಿ ಬೀಳೋದು ನಿಂತು ತಿಂಗ್ಳೇನೋ ಆಯ್ತು. ಆದ್ರೂ ಮಳೆ ಬೀಳೋ ಗಂಟ ಯಾರೂ ಓಗ್ಬ್ಯಾಡ್ದು ಅಂತ ಊರೇ ಕೂತು ಮಾತಾಡಿಲ್ವಾ?"

"ಊರಿದ್ರೆ ತಾನೆ ಮಾವ, ಊರಿನ ಮಾತು?"

ಒಂದು ಒಡ್ದ ಮಡಕೆ ಬೋಕಿ ಚೂರಲ್ಲಿ ಗುಡ್ಲಿನ ಒಲೆ ಕೆಂಡ ತುಂಬ್ಕಂಡು ನಡ್ದೇ ಬುಟ್ಲು. ನಾನು ಇಂದೆ. ದಿಬ್ಬ ದಾಟೋವಾಗ ಗಡಿಕಲ್ಲಿನ ತಾವು ಆ ಇಲಿ ಇನ್ನೂ ಬಿದ್ದಿತ್ತು. ಬಗ್ಗಿ ನೋಡ್ದೆ. ಒಣಗಿ ಚಕ್ಕೆ ಆಗಿತ್ತು, ಯಾವ್ ಕಾಲದ್ದೋ. ಆವತ್ತು ನಾನು ಇಲಿನೂ ಸರ್ಯಾಗಿ ನೋಡಿರ್ನಿಲ್ಲ.

ಮೂವತ್ತು ಸರಪಳಿ. ಎಣಿಸ್ಕಂಡೇ ಇಳ್ದೆ. ಅಷ್ಟು ಉದ್ದದ ಮೂವತ್ತು ಸರಪಳಿ ನಾನು ಯಾವತ್ತೂ ನಡ್ದಿಲ್ಲ.

ಅವಳ ಮನೆ ಬಾಗ್ಲಿಗೆ ಬೇವಿನ ಸೊಪ್ಪು ಕಟ್ಟಿದ್ರು, ಒಣಗೋಗಿತ್ತು. ಒಳಗೆ ತೊಲೆ ನೆಳ್ಳು ಗೀಟು ಗೀಟಾಗಿ ನೆಲದ ಮೇಲೆ ಬಿದ್ದಿತ್ತು. ಗೂಟದಲ್ಲಿ ಒಂದು ಕಂಬಳಿ. ಅವಳು ಅದ್ರ ಕಡೆ ನೋಡ್ದಂಗೇ ದಾಟಿ, ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತ್ಲು. ಬೂದಿ ಬಾಚುದ್ಲು, ಒಲೆ ಬಾಯಿ ಒರ್ಸುದ್ಲು, ಕೆಂಡ ಸುರ್ದು ಊದುದ್ಲು. ಸೌದೆ ಅತ್ಕಂತು. ಒಗೆ ಮಾತ್ರ ಇಲ್ಲ.

"ಬಿಸ್ಲಿಗೆ ಒಣಗಿ ಬೆಂಡಾಗದೆ, ಒಗೆ ಎಲ್ಲಿಂದ ಬಂದಾತು? ನೋಡ್ತಾ ನಿಂತಿದ್ದೀಯಲ್ಲ ಕಂಬ್ದಂಗೆ. ಓಗು, ಅಸೀ ಲಕ್ಕಿ ಸೊಪ್ಪು ತತ್ತಾ!"

ಓಡೋಗಿ ಒಂದು ತೆಕ್ಕೆ ಮುರ್ಕಂಡು ಬಂದೆ. ಒಲೆಗೆ ಆಕುದ್ಲು. ಬಿಳೀ ಒಗೆ, ದಪ್ಪಗೆ, ಎಂಚಿಲ್ದಿರೋ ಸೂರಿಂದ ನೆಟ್ಟಗೆ ಮೇಲಕ್ಕೆ ಓಯ್ತು. ಒಂದೇ ಒಂದು ಗೀಟು. ಅದ್ನಾಲ್ಕು ಮನೆ ಊರ್ಗೆ ಒಂದು ಗೀಟು ಸಾಲ್ದು ಅಂತ ನಂಗೆ ಅನ್ಸ್ತು.

"ಅಕ್ಕ, ಆ ಪಕ್ಕದ ಮನೆ ಒಲೆ ನಾನು ಅಚ್ಚಲಾ?" ಅಂದೆ.

"ಮುಟ್ಟೀಯ!" ಅಂದ್ಲು. "ಸಾವಾಗಿ ಆರ್ಸಿದ ಒಲೆ ಕಣೋ. ಆ ಮನೆಯೋರೇ ಅಚ್ಬೇಕು. ಬ್ಯಾರೆಯೋರು ಅಚ್ಚುದ್ರೆ ಆ ಮನೆ ಮುಗ್ದಂಗೆ."

ಅಂಗಾಗಿ ಕೂತ್ವಿ. ಮಾಡಕ್ಕೆ ಏನಿಲ್ಲ. ಬಿಸ್ಲು ಏರ್ತಾ ಇತ್ತು. ಬಾಗ್ಲಿಂದ ನೋಡುದ್ರೆ ದಿಬ್ಬದ ಇಳಿಜಾರಲ್ಲಿ ತೋಪಿನ ಜನ ಸಾಲಾಗಿ ನಿಂತು ಈ ಒಗೆನೇ ನೋಡ್ತಿದ್ರು. ಒಬ್ರೂ ಅಲ್ಲಾಡ್ತಿಲ್ಲ. ಕೆಂಪಮ್ಮ ಆ ಕಡೆ ತಿರುಗೂ ನೋಡ್ನಿಲ್ಲ. ಮಡಕೇಲಿ ನೀರು ಇಟ್ಟು, ಸೆರಗಲ್ಲಿ ಕಟ್ಕಂಡು ಬಂದಿದ್ದ ರಾಗಿ ಇಟ್ಟು ಬಿಚ್ಚುದ್ಲು. ಒಗೆ ತೋರ್ಸಕ್ಕೆ ಒಲೆ ಅಚ್ಚಿದ್ಲು ಅಂತ ನಾನು ತಿಳ್ಕಂಡಿದ್ದೆ. ಅವಳು ನಿಜ್ವಾಗ್ಲೂ ಅಡ್ಗೆ ಮಾಡಕ್ಕೆ ಬಂದಿದ್ಲು.

ಬಾಗ್ಲಲ್ಲಿ ನೆಳ್ಳು ಬಿತ್ತು. ಮಾದಪ್ಪ. ಕೈಲಿ ಒಂದು ಬೋಕಿ ಚೂರು. ನನ್ನ ಕಡೆ ನೋಡ್ನಿಲ್ಲ.

"ಒಂದೀಟು ಕೆಂಡ ಕೊಡವ್ವ" ಅಂದ.

ಕೊಟ್ಲು. ಅವ್ನು ಎದುರು ಮನೆಗೆ ಓದ. ಅವನ ಇಂದೆ ಇನ್ನೊಬ್ಳು ಬಂದ್ಲು, ಸೊಂಟದಲ್ಲಿ ಕೂಸು. ಆಮೇಲೆ ಇಬ್ರು ಅಣ್ತಮ್ಮಂದ್ರು, ದಾರೀಲಿ ಬೈದಾಡ್ಕಂಡೇ ಬಂದ್ರು. ಎಲ್ರೂ ಕೆಂಪಮ್ಮನ ಒಲೆಯಿಂದ್ಲೇ ಕೆಂಡ ತಗಂಡು ಓದ್ರು. ನನ್ ಪಾಲಿಗೆ ಬಂದಿದ್ದು ಲಕ್ಕಿ ಸೊಪ್ಪು. ಮುರ್ದು ಮುರ್ದು ಬಾಗ್ಲು ಬಾಗ್ಲಿಗೂ ತೆಕ್ಕೆ ಆಕ್ದೆ, ಒಳಕ್ಕೆ ಕಾಲು ಮಡಗ್ನಿಲ್ಲ. "ಇಲ್ಲಿಗಾಕ್ಲಾ", "ಸಾಲ್ದು ಕಣ್ಲಾ, ಇನ್ನೊಂದೀಟು ತತ್ತಾ" ಅಂತ ಎಲ್ರೂ ನನ್ನ ಆಳು ಮಾಡ್ಕಂಡ್ರು. ಅದ್ನಾಲ್ಕು ಮನೇಲಿ ಒಂಬತ್ತು ಮನೆ ಒಲೆ ಅತ್ತುದ್ವು. ಎರಡು ಮನೇಲಿ ಇದ್ದ ಒಬ್ಬೊಬ್ರೂ ಓಗಿ, ಅಚ್ಚಕ್ಕೆ ಯಾರೂ ಉಳ್ದಿರ್ನಿಲ್ಲ. ಮಿಕ್ಕ ಮೂರು ಮನೆಯೋರ್ಗೆ ಧೈರ್ಯ ಬರ್ನಿಲ್ಲ. ಅವ್ರನ್ನ ಅನ್ನಕ್ಕೆ ನಂಗೆ ಬಾಯಿಲ್ಲ.

ದಿಬ್ಬದ ಮೇಲೆ ಆಗಿದ್ದನ್ನ ನಂಜ ಆಮೇಲೆ ಯೋಳ್ದ. ಸಾಹೇಬ್ರು ದುರ್ಬೀನು ಇಡ್ಕಂಡು ನೋಡುದ್ರಂತೆ. ಪಕ್ಕದಲ್ಲಿ ಪಟೇಲ. "ಬುದ್ದಿ, ಅದು ಯಾರೋ ದನ ಕಾಯೋರು ಮುಳ್ಳು ಸುಡ್ತಾವ್ರೆ" ಅಂದ್ನಂತೆ. ಸಾಹೇಬ್ರು ಕಣ್ಣು ತೆಗೀದೇ ಅಂದ್ರಂತೆ, "ಮುಳ್ಳು ಸುಟ್ಟರೆ ಹೊಗೆ ಒಂದೇ ಕಡೆ ಏಳುತ್ತೆ ಪಟೇಲರೇ. ಇದು ಬೀದಿ ಸಾಲಿಗೆ ಏಳ್ತಾ ಇದೆ." ಆಮೇಲೆ ರಾಯ್ರ ಬುಕ್ಕು ಇಸ್ಕಂಡು ಓದುದ್ರಂತೆ. ಓದಿ ರಾಯ್ರ ಮುಖ ಒಂದ್ಸಲ ನೋಡಿ, ಪಟ್ಟೀಲಿ ಊರ ಎಸ್ರು ಉಳ್ಸಿ ಸೈನು ಆಕುದ್ರಂತೆ.

ಊರು ಉಳೀತು. ರೋಗನೂ ತಿರ್ಗಿ ಬರ್ನಿಲ್ಲ. ಮಳೆ ಬಿತ್ತು, ಎಂಚು ಏರುದ್ವು.

ತಿಂಗ್ಳು ತುಂಬೋದ್ರೊಳಗೆ ರಾಯ್ರಿಗೆ ವರ್ಗ ಆಯ್ತು, ದೂರ, ಪಾವಗಡದ ಕಡೆ. ಮುಂದಿನ ಉಗಾದಿಗೆ ಅವ್ರಿಗೆ ದೊಡ್ಡ ಕೆಲ್ಸ ಸಿಕ್ತದೆ ಅಂತ ಎಲ್ರೂ ಮಾತಾಡ್ತಿದ್ರು, ಅದು ಇನ್ಯಾರ್ಗೋ ಓಯ್ತು. ಗಾಡಿ ಅತ್ತೋವಾಗ ನಾನು ಮುಂದೆ ಓಗಿ ನಿಂತೆ. ಏನಾದ್ರೂ ಅಂತಾರೆ ಅಂತ. "ಸಿದ್ದಾ, ದಿನಾ ಬೆಳಿಗ್ಗೆ ಸರಪಳಿ ಅಳಿ" ಅಂದ್ರು. ಅಷ್ಟೇ. ಇನ್ನೂ ಕ್ವಾಪ ಓಗಿಲ್ಲ ಅಂತ ನಾನು ತಿಳ್ಕಂಡೆ.

ಆಮೇಲೆ ಬ್ಯಾರೆ ಮೋಜಣಿದಾರ್ರು ಬಂದ್ರು. ಉಕ್ಕಿನ ಟೇಪು ಬಂತು, ಬೆಳಿಯಲ್ಲ, ಅಗುರ. ದೂರದಿಂದ್ಲೇ ಗಾಜಲ್ಲಿ ನೋಡಿ ಲೆಕ್ಕ ಕಟ್ಟೋ ಯಂತ್ರ ಬಂತು. ಒಳ್ಳೇದೇ. ಕಾಲು ಉಳೀತದೆ. ಆದ್ರೆ ಸರಪಳಿ ನೆಲದ ಮೇಲೆ ಎಳ್ದಾಗ ಬರೋ ಆ ಗಿಣಿಗಿಣಿ ಸದ್ದು ಇಲ್ಲ. ಬೆಳ್ಗಾಗ ಇಬ್ನಿ ಮೇಲೆ ಆ ಸದ್ದು ಕೇಳುದ್ರೆ ನಮ್ ಸೀಮೆ ಎದ್ದು ಮೈ ಮುರ್ದಂಗೆ ಇರ್ತಿತ್ತು.

ಮಂಡಿ ಓಗೋದ್ಕೆ ಒಂದು ವರ್ಸ ಮುಂಚೆ. ನಂಜನಗೂಡಿನ ಕಚೇರೀಲಿ ಗೆದ್ಲು ಇಡ್ದದೆ, ಅಳೇ ಕಟ್ಟು ಎಲ್ಲಾ ಬಿಸ್ಲಿಗೆ ಆಕಿ ಅಂದ್ರು. ಒತ್ತಾಕ್ತಾ ಇದ್ದೆ. ಒಂದು ಬುಕ್ಕು ಕೈಗೆ ಬಂತು, ಮೇಲೆ ರಾಯ್ರ ಅಕ್ಸರ. ಅಷ್ಟೊತ್ಗೆ ನಾನು ತಡವರ್ಸ್ಕಂಡು ಓದ್ತಿದ್ದೆ. ಕಗ್ಗಲಿಕೊಪ್ಪಲು ಅಂತ ಇರೋ ಪುಟ ಉಡುಕ್ದೆ. 'ಬೇಚಿರಾಕು' ಅಂತ ಬರ್ದಿತ್ತು. ಅದ್ರ ಮೇಲೆ ಒಂದೇ ಗೀಟು, ಸರಪಳಿ ಎಳ್ದಂಗೆ ನೆಟ್ಟಗೆ. ಆ ಬುಕ್ಕಿಗೆಲ್ಲಾ ಅದೊಂದೇ ಗೀಟು. ಕೆಳಗೆ ಯಾಕೆ ತಪ್ಪಾಯ್ತು ಅಂತ ಬರ್ದಿತ್ತು. ಸರಪಳಿ ಆಳು ಸಿದ್ದ ಸುಳ್ಳು ಯೋಳ್ದ ಅಂತ ಬರ್ದಿರ್ತಾರೆ ಅಂದ್ಕಂಡು ಒಂದೊಂದೇ ಅಕ್ಸರ ಕೂಡಿಸ್ಕಂಡು ಓದ್ದೆ.

'ನಾನು ಸ್ವತಃ ಗ್ರಾಮದ ಒಳಕ್ಕೆ ಹೋಗಿ ನೋಡದೆ ಬರೆದೆ.' ಕೆಳಗೆ ಅವ್ರ ಸೈನು.

ನನ್ನ ಎಸ್ರು ಎಲ್ಲೂ ಇಲ್ಲ. ಮೂರು ಸಲ ನೋಡ್ದೆ. ಅವ್ರು ಕಲ್ಸಿದ ಅಕ್ಸರದಲ್ಲಿ ಅವ್ರು ಯೋಳ್ದೇ ಇದ್ದದ್ದು ಓದ್ದೆ. ಕಚೇರಿ ಅಂಗ್ಳದಲ್ಲಿ ಬಿಸ್ಲಲ್ಲಿ ನಿಂತಿದ್ದೆ, ಕಟ್ಟು ಒರೋದು ಬುಟ್ಟು. ಗುಮಾಸ್ತ್ರು, "ಯಾಕೋ, ಗೆದ್ಲು ಕಚ್ತಾ?" ಅಂದ್ರು. ಊಂ ಅಂದೆ.

ಒಸಬ್ರಿಗೆ ನಾನು ಯೋಳೋದು ಇದೇ. ಟೇಪು ಬರ್ಲಿ, ಯಂತ್ರ ಬರ್ಲಿ. ನೀವು ನಡೀದಿರೋ ದೂರಾನ ನಿಮ್ ಮೇಲಿನೋರು ನಡೀಬೇಕಾಯ್ತದೆ.

ಮೊನ್ನೆ ಸಂತೆ ಗಾಡಿ ಸಿಕ್ತು ಅಂತ ಕಗ್ಗಲಿಕೊಪ್ಲಿಗೆ ಓಗಿದ್ದೆ. ದಿಬ್ಬದ ತಾವು ಇಳ್ದು, ಮೂವತ್ತು ಸರಪಳಿನೂ ಕೋಲೂರ್ಕಂಡು ನಡ್ದೆ. ನಕ್ಸೇಲಿ ಆ ಊರ ಎಸ್ರು ಆರಕ್ಸರ, ಇರುವೆ ಸಾಲಿನಷ್ಟು. ನೆಲದ ಮೇಲೆ ಈಗ ಇಪ್ಪತ್ತು ಮನೆ. ಕೆಂಪಮ್ಮ ಬಾಗ್ಲಲ್ಲೇ ಕೂತು ಅವ್ರೆಕಾಯಿ ಸುಲೀತಿದ್ಲು. ನನ್ನ ಕುಂಟು ದೂರದಿಂದ್ಲೇ ಕಂಡು ಯಾವಾಗ್ಲೂ ಕೇಳಂಗೇ ಕೇಳುದ್ಲು.

"ಒಳಕ್ಕೆ ಬತ್ತೀಯೋ, ದಿಬ್ಬದ ಮೇಲಿಂದ್ಲೇ ನೋಡ್ಕಂಡು ಓಯ್ತೀಯೋ?"

ಕೋಲನ್ನ ಬಾಗ್ಲ ಪಕ್ಕ ಒರಗಿಸಿ, ತಲೆ ಬಗ್ಗಿಸ್ಕಂಡು ಒಳಕ್ಕೋದೆ. ಒಲೆ ಉರೀತಿತ್ತು.